ಕಂಪನಿಯ ಲಾಭವನ್ನು ಓದುವ ಕ್ರಮ: ಷೇರು ಕೊಳ್ಳುವ ಮುನ್ನ ನೋಡಬೇಕಾದ ಲೆಕ್ಕಗಳು

‘ಕಂಪನಿಯ ಲಾಭ ಶೇ 20ರಷ್ಟು ಏರಿದೆ ಎಂಬ ಸುದ್ದಿ ಓದಿ ಷೇರು ಕೊಂಡೆವು. ಅದೇ ವಾರ ಬೆಲೆ ಕುಸಿಯಿತು. ಲಾಭ ಬಂದರೂ ಬೆಲೆ ಏಕೆ ಇಳಿಯುತ್ತದೆ?’ ಕಲಬುರಗಿ, ಸೇಡಂ, ಆಳಂದ, ಚಿತ್ತಾಪುರದ ಓದುಗರಿಂದ ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಸಿಮೆಂಟ್ ಕಾರ್ಖಾನೆಯ ನೌಕರರಿದ್ದಾರೆ, ಗಂಜಿನ ವ್ಯಾಪಾರಿಗಳಿದ್ದಾರೆ. ಎಲ್ಲರೂ ದುಡಿದು ಉಳಿಸಿದ ಹಣವನ್ನೇ ಷೇರಿಗೆ ಹಾಕಿದವರು. ಆದ್ದರಿಂದ ಒಬ್ಬೊಬ್ಬರಿಗೂ ಒಂದೊಂದು ಕಂಪನಿಯ ಹೆಸರು ಹಿಡಿದು ಉತ್ತರಿಸುವುದಕ್ಕಿಂತ, ಯಾವುದೇ ಕಂಪನಿಯ ಗಳಿಕೆಯನ್ನು ನೀವೇ ಓದಿ ತೂಗಿ ನೋಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಸುದ್ದಿಯಲ್ಲಿ ಬರುವ ನಿವ್ವಳ ಲಾಭ ಒಂದು ದೊಡ್ಡ ಲೆಕ್ಕದ ಕೊನೆಯ ಸಾಲು ಮಾತ್ರ. ಆ ಲಾಭ ಎಲ್ಲಿಂದ ಬಂತು, ಅದು ನಗದಾಗಿ ಕೈಸೇರಿತೇ, ಮುಂದಿನ ವರ್ಷವೂ ಬರುವ ಲಕ್ಷಣವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಆ ಒಂದು ಸಾಲಿನಲ್ಲಿ ಉತ್ತರ ಸಿಗುವುದಿಲ್ಲ. ಮುಂದಿನ ಹಂತಗಳೆಲ್ಲವೂ ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿಗಳು.

ಮೊದಲು ಬೇಕಾಗುವ ಸಾಮಗ್ರಿ

ಕಂಪನಿಯ ಕಳೆದ ಎಂಟು ತ್ರೈಮಾಸಿಕಗಳ ಫಲಿತಾಂಶ, ಸಾಧ್ಯವಾದರೆ ಐದು ವರ್ಷಗಳ ವಾರ್ಷಿಕ ವರದಿ, ಒಂದು ನೋಟ್‌ಬುಕ್ ಮತ್ತು ಕ್ಯಾಲ್ಕುಲೇಟರ್ ಇದ್ದರೆ ಸಾಕು. ಈ ದಾಖಲೆಗಳಿಗೆ ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ. ದೇಶದ ಎರಡು ಪ್ರಮುಖ ಷೇರುಪೇಟೆಗಳಾದ ಬಿಎಸ್‌ಇ ಮತ್ತು ಎನ್‌ಎಸ್‌ಇ ಜಾಲತಾಣಗಳಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿದರೆ ಅದು ಸಲ್ಲಿಸಿದ ಪ್ರಕಟಣೆಗಳೆಲ್ಲ ದಿನಾಂಕದ ಸಹಿತ ಉಚಿತವಾಗಿ ಸಿಗುತ್ತವೆ. ಅಂಕಣಗಳು ಅಗಲವಾಗಿರುವುದರಿಂದ ಮೊಬೈಲ್ ಪರದೆಯ ಮೇಲೆ ಒಂದು ವರ್ಷದ ಅಂಕಿಯನ್ನು ಇನ್ನೊಂದು ವರ್ಷದ್ದೆಂದು ಓದಿಬಿಡುವ ಸಾಧ್ಯತೆ ಹೆಚ್ಚು. ಕಂಪ್ಯೂಟರಿನಲ್ಲಿ ತೆರೆದು ನೋಡಿ, ಇಲ್ಲವೇ ಮುದ್ರಿಸಿಕೊಳ್ಳಿ.

ನಮ್ಮಲ್ಲಿ ಬಹುತೇಕ ಕಂಪನಿಗಳ ಹಣಕಾಸು ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗಿನದು ಮೊದಲ ತ್ರೈಮಾಸಿಕ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಪ್ರತಿ ತ್ರೈಮಾಸಿಕದ ಫಲಿತಾಂಶವನ್ನು ಅದು ಮುಗಿದ 45 ದಿನಗಳೊಳಗೆ, ಇಡೀ ವರ್ಷದ ಪರಿಶೋಧಿತ ಫಲಿತಾಂಶವನ್ನು 60 ದಿನಗಳೊಳಗೆ ಪ್ರಕಟಿಸಬೇಕು. ಈ ಗಡುವನ್ನು ಪದೇ ಪದೇ ಮೀರುವ ಕಂಪನಿಯ ವಿಷಯದಲ್ಲಿ ಎಚ್ಚರದಿಂದಿರಿ. ಲೆಕ್ಕ ಮುಗಿಸಲಾಗದಿರುವುದಕ್ಕೆ ಬಹುತೇಕ ಗಂಭೀರ ಕಾರಣವೇ ಇರುತ್ತದೆ.

ಹಂತ 1: ಮೂಲ ದಾಖಲೆಯನ್ನೇ ತೆರೆಯಿರಿ

ಫಲಿತಾಂಶದ ದಿನ ಕಂಪನಿ ಎರಡು ಬಗೆಯ ಕಾಗದಗಳನ್ನು ಬಿಡುಗಡೆ ಮಾಡುತ್ತದೆ. ಒಂದು, ನಿಗದಿತ ನಮೂನೆಯಲ್ಲಿರುವ ಫಲಿತಾಂಶ. ಇನ್ನೊಂದು, ಬಣ್ಣಬಣ್ಣದ ಚಿತ್ರಗಳಿರುವ ಪತ್ರಿಕಾ ಪ್ರಕಟಣೆ. ಎರಡನೆಯದರಲ್ಲಿ ಕಂಪನಿ ತನಗೆ ಅನುಕೂಲವಾದ ಅಂಕಿಗಳನ್ನು ಮುಂದಿಡುವುದು ಸಹಜ. ಆದ್ದರಿಂದ ನಮೂನೆಯ ಫಲಿತಾಂಶವನ್ನು ಮೊದಲು ಓದಿ, ಪ್ರಕಟಣೆಯನ್ನು ಆಮೇಲೆ ಓದಿ.

ನಮೂನೆಯ ತಲೆಬರಹದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅಂಕಿಗಳು ಲಕ್ಷದಲ್ಲಿವೆಯೋ, ಕೋಟಿಯಲ್ಲಿವೆಯೋ, ಮಿಲಿಯನ್‌ನಲ್ಲಿವೆಯೋ ಎಂಬುದು. ಹತ್ತು ಮಿಲಿಯನ್ ಸೇರಿದರೆ ಒಂದು ಕೋಟಿ. ಎರಡು ಕಂಪನಿಗಳನ್ನು ಹೋಲಿಸುವಾಗ ಇದನ್ನು ನೋಡದಿದ್ದರೆ ಲೆಕ್ಕ ಹತ್ತು ಪಟ್ಟು, ನೂರು ಪಟ್ಟು ತಪ್ಪುತ್ತದೆ. ಎರಡನೆಯದು, ಅದು ಸ್ಟ್ಯಾಂಡಲೋನ್ ಲೆಕ್ಕವೋ ಕನ್ಸಾಲಿಡೇಟೆಡ್ ಲೆಕ್ಕವೋ ಎಂಬುದು. ಮೊದಲಿನದು ಮಾತೃ ಕಂಪನಿಯೊಂದರದೇ ಲೆಕ್ಕ. ಎರಡನೆಯದು ಅಂಗಸಂಸ್ಥೆಗಳನ್ನೆಲ್ಲ ಸೇರಿಸಿದ ಕ್ರೋಢೀಕೃತ ಲೆಕ್ಕ. ಮಾತೃ ಕಂಪನಿ ಲಾಭದಲ್ಲಿದ್ದು ಅಂಗಸಂಸ್ಥೆಗಳು ನಷ್ಟದಲ್ಲಿರುವ ಸಂದರ್ಭಗಳು ಅಪರೂಪವಲ್ಲವಾದ್ದರಿಂದ, ಷೇರಿನ ಮೌಲ್ಯ ಅಳೆಯಲು ಕ್ರೋಢೀಕೃತ ಲೆಕ್ಕವನ್ನೇ ಆಧರಿಸಿ. ಮೂರನೆಯದು, ಲೆಕ್ಕ ಪೂರ್ಣವಾಗಿ ಪರಿಶೋಧನೆಗೆ ಒಳಪಟ್ಟಿದೆಯೇ ಎಂಬುದು. ತ್ರೈಮಾಸಿಕ ಫಲಿತಾಂಶಗಳಿಗೆ ಸಾಮಾನ್ಯವಾಗಿ ಲೆಕ್ಕ ಪರಿಶೋಧಕರ ಸೀಮಿತ ಪರಿಶೀಲನೆ ಮಾತ್ರ ಆಗಿರುತ್ತದೆ. ಪೂರ್ಣ ಪರಿಶೋಧನೆ ನಡೆಯುವುದು ವರ್ಷದ ಲೆಕ್ಕಕ್ಕೆ.

ಹಂತ 2: ಲಾಭ-ನಷ್ಟ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ

ಹೆಚ್ಚಿನವರು ಕೊನೆಯ ಸಾಲಿಗೆ ಜಿಗಿಯುತ್ತಾರೆ. ನೀವು ಮೇಲಿನ ಸಾಲಿನಿಂದ ಆರಂಭಿಸಿ. ಮೊದಲು ಬರುವುದು ಕಾರ್ಯಾಚರಣೆಯ ಆದಾಯ, ಅಂದರೆ ಕಂಪನಿ ತನ್ನ ಮೂಲ ವ್ಯವಹಾರದಲ್ಲಿ ಮಾರಿದ ಸರಕು ಅಥವಾ ಸೇವೆಯ ಮೊತ್ತ. ಅದರ ಕೆಳಗೆ ಇತರೆ ಆದಾಯ ಬರುತ್ತದೆ. ಠೇವಣಿಯ ಬಡ್ಡಿ, ಹೂಡಿಕೆಯ ಲಾಭ, ಡಿವಿಡೆಂಡ್ ಮುಂತಾದವು ಇದರಲ್ಲಿ ಸೇರಿರುತ್ತವೆ.

ಖರ್ಚಿನ ಭಾಗದಲ್ಲಿ ಕಚ್ಚಾ ಸಾಮಗ್ರಿ, ನೌಕರರ ವೇತನ, ಇಂಧನ ಮತ್ತು ಸಾಗಣೆಯಂತಹ ವೆಚ್ಚಗಳ ಜತೆಗೆ ಹಣಕಾಸು ವೆಚ್ಚ ಹಾಗೂ ಸವಕಳಿ ಇರುತ್ತವೆ. ಹಣಕಾಸು ವೆಚ್ಚವೆಂದರೆ ಮುಖ್ಯವಾಗಿ ಸಾಲದ ಬಡ್ಡಿ. ಯಂತ್ರ, ಕಟ್ಟಡಗಳ ಬೆಲೆಯನ್ನು ಅವು ಬಳಕೆಯಾಗುವ ವರ್ಷಗಳ ಮೇಲೆ ಹಂಚಿ ಪ್ರತಿ ವರ್ಷ ಕಳೆಯುವ ಮೊತ್ತವೇ ಸವಕಳಿ. ಬಡ್ಡಿ, ತೆರಿಗೆ ಮತ್ತು ಸವಕಳಿಯನ್ನು ಕಳೆಯುವ ಮೊದಲಿನ ಲಾಭವನ್ನು ಎಬಿಟ್ಡಾ ಎನ್ನುತ್ತಾರೆ. ಕಂಪನಿಗಳ ಪ್ರಕಟಣೆಗಳಲ್ಲಿ ಈ ಅಂಕಿಗೆ ಬಹಳ ಪ್ರಾಮುಖ್ಯ ಇರುತ್ತದೆ. ಇದು ಉಪಯುಕ್ತ ಅಂಕಿ ಹೌದು, ಆದರೆ ಇದೊಂದನ್ನೇ ನಂಬಬಾರದು. ಯಂತ್ರಗಳು ಸವೆಯುವುದೂ ಸಾಲಕ್ಕೆ ಬಡ್ಡಿ ಕಟ್ಟಬೇಕಾದುದೂ ನಿಜವಾದ ಖರ್ಚುಗಳೇ. ಅಲ್ಲದೆ 2019ರ ಏಪ್ರಿಲ್‌ನಿಂದ ಜಾರಿಯಾದ ಲೆಕ್ಕಪತ್ರ ಮಾನದಂಡದ ಪ್ರಕಾರ ದೀರ್ಘಾವಧಿ ಬಾಡಿಗೆಯ ಬಹುಭಾಗ ಸವಕಳಿ ಮತ್ತು ಬಡ್ಡಿಯ ಸಾಲುಗಳಿಗೆ ಹೋಗುತ್ತದೆ. ಹೀಗಾಗಿ ಅಂಗಡಿಗಳನ್ನು ಬಾಡಿಗೆಗೆ ಪಡೆದು ನಡೆಸುವ ಕಂಪನಿಗಳ ಎಬಿಟ್ಡಾ ಅದಕ್ಕೂ ಹಿಂದಿನ ವರ್ಷಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಖರ್ಚಿನ ಪಟ್ಟಿಯಲ್ಲಿ ಹೆಚ್ಚಿನವರು ದಾಟಿಹೋಗುವ ಒಂದು ಸಾಲಿದೆ: ದಾಸ್ತಾನಿನಲ್ಲಿ ಆದ ಬದಲಾವಣೆ. ತಯಾರಾದ ಸರಕು ಮಾರಾಟವಾಗದೆ ಗೋದಾಮಿನಲ್ಲಿ ಉಳಿದಾಗ ಅದಕ್ಕೆ ತಗುಲಿದ ವೆಚ್ಚವನ್ನು ಆ ಅವಧಿಯ ಖರ್ಚಿನಿಂದ ಕಳೆದು ದಾಸ್ತಾನಿನ ಮೌಲ್ಯಕ್ಕೆ ಸೇರಿಸುತ್ತಾರೆ. ಈ ಸಾಲಿನ ಅಂಕಿ ಆವರಣ ಚಿಹ್ನೆಯೊಳಗಿದ್ದರೆ ದಾಸ್ತಾನು ಏರಿದೆ, ಅಷ್ಟರ ಮಟ್ಟಿಗೆ ಈ ಅವಧಿಯ ಖರ್ಚು ಕಡಿಮೆಯಾಗಿದೆ ಎಂದು ಅರ್ಥ. ಹಬ್ಬದ ಮಾರಾಟಕ್ಕೆಂದು ಸರಕು ಕೂಡಿಟ್ಟಿದ್ದರೆ ಅದರಲ್ಲಿ ತಪ್ಪಿಲ್ಲ. ಮಾರಾಟ ನಿಂತಲ್ಲೇ ಇದ್ದು ದಾಸ್ತಾನು ಮಾತ್ರ ಒಂದಾದ ಮೇಲೊಂದು ತ್ರೈಮಾಸಿಕದಲ್ಲಿ ಬೆಳೆಯುತ್ತಿದ್ದರೆ, ಸರಕು ಹೋಗುತ್ತಿಲ್ಲ ಎಂಬ ಸೂಚನೆ ಅಲ್ಲಿದೆ.

ಪಟ್ಟಿಯ ಕೆಳಭಾಗದಲ್ಲಿ ಅಸಾಧಾರಣ ಬಾಬ್ತುಗಳು (ಜಮೀನು ಮಾರಾಟದಂತಹ, ಎಂದಿನ ವ್ಯಾಪಾರಕ್ಕೆ ಸೇರದ ಲಾಭ-ನಷ್ಟಗಳು) ಮತ್ತು ತೆರಿಗೆ ಬರುತ್ತವೆ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಆಯ್ಕೆಯ ಪ್ರಕಾರ, ವಿನಾಯಿತಿಗಳನ್ನು ಬಿಟ್ಟುಕೊಡುವ ದೇಶೀಯ ಕಂಪನಿಗೆ ಮೂಲ ತೆರಿಗೆ ಶೇ 22. ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಸುಮಾರು ಶೇ 25.17. ತೆರಿಗೆಯ ಮೊತ್ತವನ್ನು ತೆರಿಗೆಪೂರ್ವ ಲಾಭದಿಂದ ಭಾಗಿಸಿ ನೋಡಿ. ಶೇ 25ರ ಆಸುಪಾಸಿನಲ್ಲಿದ್ದ ಪ್ರಮಾಣ ಒಂದು ವರ್ಷ ಶೇ 8ಕ್ಕೆ ಇಳಿದಿದ್ದರೆ, ಹಳೆಯ ನಷ್ಟದ ಹೊಂದಾಣಿಕೆಯಿಂದಲೋ ಮುಂದೂಡಿದ ತೆರಿಗೆಯ ಲೆಕ್ಕದಿಂದಲೋ ನಿವ್ವಳ ಲಾಭ ಉಬ್ಬಿರಬಹುದು. ಅಂತಹ ಅನುಕೂಲ ಮುಗಿದ ವರ್ಷ, ವ್ಯಾಪಾರ ಚೆನ್ನಾಗಿದ್ದರೂ ಲಾಭ ಇಳಿದಂತೆ ಕಾಣುತ್ತದೆ.

ಹಂತ 3: ಮೂಲ ವ್ಯವಹಾರದ ಲಾಭವನ್ನು ಬೇರ್ಪಡಿಸಿ

ಇದನ್ನು ಒಂದು ಕಾಲ್ಪನಿಕ ಕಂಪನಿಯ ಅಂಕಿಗಳಿಂದ ನೋಡೋಣ. ನೋಟ್‌ಬುಕ್ಕಿನಲ್ಲಿ ಜತೆಗೇ ಬರೆದುಕೊಳ್ಳುತ್ತ ಬಂದರೆ ಕ್ರಮ ಮನಸ್ಸಿನಲ್ಲಿ ನಿಲ್ಲುತ್ತದೆ.

ಕಳೆದ ವರ್ಷ ಈ ಕಂಪನಿಯ ಕಾರ್ಯಾಚರಣೆಯ ಆದಾಯ ₹360 ಕೋಟಿ, ಬಡ್ಡಿ ಮತ್ತು ಸವಕಳಿಗೆ ಮೊದಲಿನ ಕಾರ್ಯಾಚರಣೆಯ ಲಾಭ ₹62 ಕೋಟಿ, ಇತರೆ ಆದಾಯ ₹4 ಕೋಟಿ, ಸವಕಳಿ ₹16 ಕೋಟಿ, ಬಡ್ಡಿ ₹10 ಕೋಟಿ. ತೆರಿಗೆಪೂರ್ವ ಲಾಭ ₹40 ಕೋಟಿ. ಶೇ 25ರಂತೆ ತೆರಿಗೆ ಕಳೆದರೆ ನಿವ್ವಳ ಲಾಭ ₹30 ಕೋಟಿ. ಈ ವರ್ಷ ಆದಾಯ ₹400 ಕೋಟಿ, ಕಾರ್ಯಾಚರಣೆಯ ಲಾಭ ₹64 ಕೋಟಿ, ಇತರೆ ಆದಾಯ ₹14 ಕೋಟಿ, ಸವಕಳಿ ₹18 ಕೋಟಿ, ಬಡ್ಡಿ ₹12 ಕೋಟಿ. ತೆರಿಗೆಪೂರ್ವ ಲಾಭ ₹48 ಕೋಟಿ, ನಿವ್ವಳ ಲಾಭ ₹36 ಕೋಟಿ.

‘ಲಾಭ ಶೇ 20ರಷ್ಟು ಹೆಚ್ಚಳ’ ಎಂಬ ಶೀರ್ಷಿಕೆ ಲೆಕ್ಕದ ದೃಷ್ಟಿಯಿಂದ ಸರಿಯೇ. ಆದರೆ ಇತರೆ ಆದಾಯವನ್ನು ಎರಡೂ ವರ್ಷಗಳಿಂದ ತೆಗೆದು ನೋಡಿ. ಕಳೆದ ವರ್ಷ ತೆರಿಗೆಪೂರ್ವ ಲಾಭ ₹36 ಕೋಟಿ ಇದ್ದದ್ದು ಈ ವರ್ಷ ₹34 ಕೋಟಿಗೆ ಇಳಿದಿದೆ. ತೆರಿಗೆ ಕಳೆದ ಮೇಲೆ ₹27 ಕೋಟಿಯಿಂದ ₹25.5 ಕೋಟಿಗೆ, ಅಂದರೆ ಸುಮಾರು ಶೇ 5.6ರಷ್ಟು ಇಳಿಕೆ. ಕಾರ್ಯಾಚರಣೆಯ ಲಾಭದ ಪ್ರಮಾಣವೂ ಆದಾಯದ ಶೇ 17.2ರಿಂದ ಶೇ 16ಕ್ಕೆ ಕುಸಿದಿದೆ. ಹೆಚ್ಚುವರಿ ₹10 ಕೋಟಿ ಇತರೆ ಆದಾಯ ಎಲ್ಲಿಂದ ಬಂತೆಂದು ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಹುಡುಕಿದರೆ, ಹಳೆಯ ಹೂಡಿಕೆಯನ್ನು ಮಾರಿದ್ದು ಕಾಣಬಹುದು. ಅದನ್ನು ಮತ್ತೊಮ್ಮೆ ಮಾರಲು ಬರುವುದಿಲ್ಲ. ಲಾಭ ಏರಿದ ಸುದ್ದಿಯ ದಿನವೇ ಬೆಲೆ ಇಳಿಯುವುದಕ್ಕೆ ಹಲವು ಬಾರಿ ಕಾರಣ ಇಷ್ಟೇ: ಪಟ್ಟಿಯನ್ನು ಪೂರ್ತಿ ಓದಿದವರು ಮೂಲ ವ್ಯವಹಾರ ಕುಗ್ಗಿದ್ದನ್ನು ಕಂಡಿರುತ್ತಾರೆ.

ಅಸಾಧಾರಣ ಬಾಬ್ತುಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಜಮೀನು ಮಾರಿದ ಲಾಭವಿದ್ದರೆ ಕಳೆಯಿರಿ. ಕಾರ್ಖಾನೆಯೊಂದನ್ನು ಮುಚ್ಚಿದ ನಷ್ಟವಿದ್ದರೆ ಕೂಡಿ. ಆದರೆ ಒಂದು ಎಚ್ಚರಿಕೆ ಇದೆ. ‘ಒಮ್ಮೆ ಮಾತ್ರ ಬಂದ ಖರ್ಚು’ ಎಂದು ಕಂಪನಿ ಪ್ರತಿ ವರ್ಷವೂ ಏನನ್ನಾದರೂ ತೋರಿಸುತ್ತಿದ್ದರೆ, ಅದು ಆ ವ್ಯವಹಾರದ ನಿತ್ಯದ ಖರ್ಚೇ ಆಗಿರುತ್ತದೆ. ಐದು ವರ್ಷಗಳ ವರದಿ ಬೇಕೆಂದದ್ದು ಇದನ್ನು ಹಿಡಿಯುವುದಕ್ಕಾಗಿಯೇ.

ಹಂತ 4: ಸರಿಯಾದ ಅವಧಿಯೊಂದಿಗೆ ಹೋಲಿಸಿ

ನಮೂನೆಯಲ್ಲಿ ಹಿಂದಿನ ತ್ರೈಮಾಸಿಕದ ಅಂಕಣವೂ ಕಳೆದ ವರ್ಷದ ಇದೇ ತ್ರೈಮಾಸಿಕದ ಅಂಕಣವೂ ಅಕ್ಕಪಕ್ಕದಲ್ಲಿರುತ್ತವೆ. ಯಾವುದಕ್ಕೆ ಹೋಲಿಸಬೇಕು ಎಂಬುದು ವ್ಯವಹಾರದ ಋತುವನ್ನು ಅವಲಂಬಿಸಿದೆ. ನಮ್ಮ ಜಿಲ್ಲೆಯ ಸುಣ್ಣದಕಲ್ಲಿನ ಮೇಲೆ ನಿಂತಿರುವ ಸಿಮೆಂಟ್ ಉದ್ಯಮ ಇದಕ್ಕೆ ಒಳ್ಳೆಯ ಉದಾಹರಣೆ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಧಾನವಾಗುವುದರಿಂದ ಜುಲೈನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟ್ ಮಾರಾಟ ಸಾಮಾನ್ಯವಾಗಿ ಕಡಿಮೆ. ಕಾಮಗಾರಿಗಳು ಚುರುಕಾಗುವ ಜನವರಿಯಿಂದ ಮಾರ್ಚ್‌ವರೆಗೆ ಮಾರಾಟ ಹೆಚ್ಚು. ವಾಡಿ, ಮಳಖೇಡ, ಸೇಡಂ ಭಾಗದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಓದುಗರಿಗೆ ಲಾರಿಗಳ ಸಾಲಿನಿಂದಲೇ ಇದು ಗೊತ್ತಿರುತ್ತದೆ. ಸೆಪ್ಟೆಂಬರ್ ತ್ರೈಮಾಸಿಕವನ್ನು ಜೂನ್ ತ್ರೈಮಾಸಿಕಕ್ಕೆ ಹೋಲಿಸಿ ‘ಲಾಭ ಕುಸಿದಿದೆ’ ಎಂದು ಹೆದರುವುದೂ, ಮಾರ್ಚ್ ತ್ರೈಮಾಸಿಕವನ್ನು ಡಿಸೆಂಬರ್ ತ್ರೈಮಾಸಿಕಕ್ಕೆ ಹೋಲಿಸಿ ಹಿಗ್ಗುವುದೂ ಒಂದೇ ಬಗೆಯ ತಪ್ಪು. ಕಬ್ಬು ಅರೆಯುವ ಹಂಗಾಮು ಕೆಲವೇ ತಿಂಗಳಿಗೆ ಸೀಮಿತವಾದ ಸಕ್ಕರೆ ಕಂಪನಿಗಳಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಇಂತಹ ಉದ್ಯಮಗಳಲ್ಲಿ ಕಳೆದ ವರ್ಷದ ಅದೇ ತ್ರೈಮಾಸಿಕದೊಂದಿಗೇ ಹೋಲಿಸಿ.

ಹಾಗೆ ಹೋಲಿಸುವಾಗಲೂ ಕಳೆದ ವರ್ಷದ ಆ ತ್ರೈಮಾಸಿಕ ಸಹಜವಾಗಿತ್ತೇ ಎಂದು ಕೇಳಿಕೊಳ್ಳಬೇಕು. ಆಗ ಯಂತ್ರ ದುರಸ್ತಿಗೆಂದು ಉತ್ಪಾದನೆ ನಿಂತು ಲಾಭ ₹2 ಕೋಟಿಗೆ ಇಳಿದಿದ್ದರೆ, ಈಗಿನ ₹6 ಕೋಟಿ ‘ಮೂರು ಪಟ್ಟು’ ಎನಿಸುತ್ತದೆ. ಅದಕ್ಕೂ ಹಿಂದಿನ ವರ್ಷ ₹7 ಕೋಟಿ ಇತ್ತೆಂದು ತಿಳಿದರೆ ಚಿತ್ರ ಬದಲಾಗುತ್ತದೆ. ಎಂಟು ತ್ರೈಮಾಸಿಕಗಳಿಗಿಂತ ಹಿಂದಕ್ಕೆ ಹೋಗಬೇಕಾದ ಸಂದರ್ಭ ಇದು.

ಬೆಳವಣಿಗೆ ಸ್ವಂತದ್ದೋ ಕೊಂಡದ್ದೋ ಎಂಬುದೂ ಮುಖ್ಯ. ಸೇಡಂನ ವಾಸವದತ್ತ ಸಿಮೆಂಟ್ 2025ರಲ್ಲಿ ಕೇಸೋರಾಂ ಕಂಪನಿಯಿಂದ ಅಲ್ಟ್ರಾಟೆಕ್‌ಗೆ ಸೇರಿತು. ಅದೇ ವರ್ಷ, ಚಿತ್ತಾಪುರ ತಾಲ್ಲೂಕಿನಲ್ಲಿ ಘಟಕವಿರುವ ಓರಿಯಂಟ್ ಸಿಮೆಂಟ್ ಅಂಬುಜಾ ಸಿಮೆಂಟ್ಸ್‌ನ ಅಂಗಸಂಸ್ಥೆಯಾಯಿತು. ಇಂತಹ ಖರೀದಿಯ ನಂತರ ಕೊಂಡ ಕಂಪನಿಯ ಕ್ರೋಢೀಕೃತ ಲೆಕ್ಕದಲ್ಲಿ ಮಾರಾಟ ಏರುವುದು ಸಹಜ. ಅದರಲ್ಲಿ ಹಳೆಯ ಘಟಕಗಳು ಎಷ್ಟು ಬೆಳೆದವು, ಹೊಸದಾಗಿ ಸೇರಿದ್ದೆಷ್ಟು, ಹಿಂದಿನ ವರ್ಷದ ಅಂಕಿಗಳನ್ನು ಅದಕ್ಕೆ ತಕ್ಕಂತೆ ತಿದ್ದಿ ಬರೆದಿದ್ದಾರೆಯೇ ಎಂಬುದು ಫಲಿತಾಂಶದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಗಳಲ್ಲಿ ಇರುತ್ತದೆ. ಸಿಮೆಂಟ್‌ನಂತಹ ಉದ್ಯಮದಲ್ಲಿ ಪ್ರತಿ ಟನ್‌ಗೆ ಎಷ್ಟು ಕಾರ್ಯಾಚರಣೆಯ ಲಾಭ ಬಂತು ಎಂದು ನೋಡಿದರೆ ಗಾತ್ರದ ಗೊಂದಲ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಕಲ್ಲಿದ್ದಲು, ಪೆಟ್‌ಕೋಕ್ (ತೈಲ ಸಂಸ್ಕರಣೆಯಿಂದ ಸಿಗುವ ಇಂಧನ) ಮತ್ತು ಸಾಗಣೆ ದರ ಏರಿದಾಗ ಮೊದಲು ಪೆಟ್ಟು ತಿನ್ನುವುದು ಈ ಅಂಕಿಯೇ.

ಹಂತ 5: ಲಾಭ ನಗದಾಯಿತೇ ನೋಡಿ

ಒಂದೇ ಹಂತಕ್ಕೆ ಸಮಯವಿದೆ ಎನ್ನುವವರು ಈ ಹಂತವನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕಪತ್ರದ ನಿಯಮದಲ್ಲಿ ಸರಕು ಗ್ರಾಹಕರ ಸ್ವಾಧೀನಕ್ಕೆ ಹೋದಾಗ ಮಾರಾಟವನ್ನು ಬರೆಯುತ್ತಾರೆ; ಹಣ ಯಾವಾಗ ಬರುತ್ತದೆ ಎಂಬುದು ಬೇರೆ ಮಾತು. ಕಲಬುರಗಿಯ ನೆಹರು ಗಂಜಿನ ದಾಲ್ ಮಿಲ್ಲಿನಿಂದ ತೊಗರಿ ಬೇಳೆಯ ಲಾರಿಯೊಂದು ಉದ್ರಿಯ ಮೇಲೆ ಹೊರಟರೆ ಪುಸ್ತಕದಲ್ಲಿ ಲಾಭ ಅಂದೇ ಕಾಣುತ್ತದೆ. ಆದರೆ ಅಡತಿ ಅಂಗಡಿಗೆ ತೊಗರಿಯ ಹಣ, ಹಮಾಲರ ಕೂಲಿ, ವಿದ್ಯುತ್ ಬಿಲ್ಲುಗಳನ್ನು ಮಾಲೀಕರು ನಗದಿನಲ್ಲೇ ಕೊಡಬೇಕು. ಉದ್ರಿ ವಸೂಲಾಗದೆ ಬೆಳೆಯುತ್ತ ಹೋದರೆ ಪುಸ್ತಕದಲ್ಲಿ ಲಾಭವಿದ್ದೂ ಮಿಲ್ಲು ಸಾಲಕ್ಕೆ ಬೀಳುತ್ತದೆ. ದೊಡ್ಡ ಕಂಪನಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಇದನ್ನು ತಿಳಿಸುವ ದಾಖಲೆ ನಗದು ಹರಿವಿನ ಪಟ್ಟಿ. ಇದು ವಾರ್ಷಿಕ ವರದಿಯಲ್ಲಿ ಇರುತ್ತದೆ. ಸೆಪ್ಟೆಂಬರ್‌ಗೆ ಮುಗಿಯುವ ಅರ್ಧ ವರ್ಷದ ಫಲಿತಾಂಶದೊಂದಿಗೂ ಇದನ್ನು ಕೊಡಬೇಕು. ಜೂನ್ ಮತ್ತು ಡಿಸೆಂಬರ್ ತ್ರೈಮಾಸಿಕಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಈ ಪಟ್ಟಿಯಲ್ಲಿ ಮೂರು ಭಾಗಗಳಿವೆ: ಕಾರ್ಯಾಚರಣೆಯಿಂದ ಬಂದ ನಗದು, ಹೂಡಿಕೆಗೆ ಹೋದ ನಗದು, ಸಾಲ ಮತ್ತು ಬಂಡವಾಳದ ಮೂಲಕ ಬಂದ ಅಥವಾ ಹೋದ ನಗದು. ಮೊದಲ ಭಾಗದ ಮೊತ್ತವನ್ನು ನಿವ್ವಳ ಲಾಭದ ಪಕ್ಕದಲ್ಲಿ ಬರೆದುಕೊಳ್ಳಿ.

ನಮ್ಮ ಕಾಲ್ಪನಿಕ ಕಂಪನಿಗೆ ಮರಳೋಣ. ಗ್ರಾಹಕರಿಂದ ಬರಬೇಕಾದ ಬಾಕಿ ಒಂದು ವರ್ಷದಲ್ಲಿ ₹60 ಕೋಟಿಯಿಂದ ₹95 ಕೋಟಿಗೆ ಏರಿದೆ. ದಾಸ್ತಾನು ₹45 ಕೋಟಿಯಿಂದ ₹55 ಕೋಟಿಯಾಗಿದೆ. ಪೂರೈಕೆದಾರರಿಗೆ ಕೊಡಬೇಕಾದದ್ದು ₹40 ಕೋಟಿಯಿಂದ ₹42 ಕೋಟಿಯಾಗಿದೆ. ಕಾರ್ಯಾಚರಣೆಯ ಲಾಭ ₹64 ಕೋಟಿಯಿಂದ ಬಾಕಿಯಲ್ಲಿ ಸಿಕ್ಕಿಕೊಂಡ ₹35 ಕೋಟಿ ಮತ್ತು ದಾಸ್ತಾನಿನಲ್ಲಿ ಸಿಕ್ಕಿಕೊಂಡ ₹10 ಕೋಟಿಯನ್ನು ಕಳೆದು, ಪೂರೈಕೆದಾರರಿಗೆ ಇನ್ನೂ ಕೊಡದ ₹2 ಕೋಟಿಯನ್ನು ಕೂಡಿದರೆ ₹21 ಕೋಟಿ ಉಳಿಯುತ್ತದೆ. ತೆರಿಗೆ ₹12 ಕೋಟಿ ಕಟ್ಟಿದ ಮೇಲೆ ಕಾರ್ಯಾಚರಣೆಯ ನಗದು ₹9 ಕೋಟಿ ಮಾತ್ರ. ಪ್ರಕಟಿಸಿದ ನಿವ್ವಳ ಲಾಭ ₹36 ಕೋಟಿ ಎಂಬುದನ್ನು ನೆನಪಿಡಿ. ಆ ₹9 ಕೋಟಿ, ವರ್ಷದ ಬಡ್ಡಿ ₹12 ಕೋಟಿಗೂ ಸಾಲುವುದಿಲ್ಲ.

ಬಾಕಿಯನ್ನು ದಿನಗಳಲ್ಲಿ ಅಳೆಯುವುದು ಇನ್ನೂ ಸ್ಪಷ್ಟ. ಬಾಕಿಯನ್ನು ವರ್ಷದ ಆದಾಯದಿಂದ ಭಾಗಿಸಿ 365ರಿಂದ ಗುಣಿಸಿದರೆ, ಕಳೆದ ವರ್ಷ ಸುಮಾರು 61 ದಿನಗಳಲ್ಲಿ ಬರುತ್ತಿದ್ದ ಹಣಕ್ಕೆ ಈ ವರ್ಷ 87 ದಿನ ಕಾಯಬೇಕಾಗಿದೆ ಎಂದು ತಿಳಿಯುತ್ತದೆ. ಗ್ರಾಹಕರಿಗೆ ಹೆಚ್ಚು ಉದ್ರಿ ಕೊಟ್ಟು ಮಾರಾಟವನ್ನು ಎಳೆದು ತಂದಿದ್ದಾರೆಯೇ, ದೊಡ್ಡ ಗ್ರಾಹಕರೊಬ್ಬರು ಕೈ ಎತ್ತಿದ್ದಾರೆಯೇ, ಸರ್ಕಾರಿ ಬಿಲ್ಲು ತಡವಾಗಿದೆಯೇ ಎಂಬ ಪ್ರಶ್ನೆಗಳು ಇಲ್ಲಿಂದ ಹುಟ್ಟುತ್ತವೆ. ಒಂದು ವರ್ಷ ಹೀಗಾದರೆ ಗಾಬರಿಪಡಬೇಕಾಗಿಲ್ಲ. ವೇಗವಾಗಿ ಬೆಳೆಯುವ ಕಂಪನಿಗೆ ದುಡಿಯುವ ಬಂಡವಾಳ, ಅಂದರೆ ದಾಸ್ತಾನು ಮತ್ತು ಉದ್ರಿಗೆ ತೊಡಗಿಸುವ ಹಣ, ಹೆಚ್ಚು ಬೇಕಾಗುತ್ತದೆ. ಐದು ವರ್ಷಗಳ ನಿವ್ವಳ ಲಾಭವನ್ನೂ ಐದು ವರ್ಷಗಳ ಕಾರ್ಯಾಚರಣೆಯ ನಗದನ್ನೂ ಬೇರೆ ಬೇರೆ ಕೂಡಿ ನೋಡಿ. ನಗದಿನ ಮೊತ್ತ ಲಾಭದ ಮೊತ್ತಕ್ಕಿಂತ ಬಹಳ ಕಡಿಮೆ ಇದ್ದರೆ ಆ ಕಂಪನಿಯ ಲಾಭವನ್ನು ಪೂರ್ಣ ಮೌಲ್ಯಕ್ಕೆ ಒಪ್ಪಿಕೊಳ್ಳಬೇಡಿ.

ನಗದಿನ ಅಂಕಿಯೇ ಸುಳ್ಳಾಗಿದ್ದರೆ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದು. ನೆರೆಯ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ₹5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಇರಲೇ ಇಲ್ಲ ಎಂದು ಒಪ್ಪಿಕೊಂಡರು. 2008ರ ಸೆಪ್ಟೆಂಬರ್ ತ್ರೈಮಾಸಿಕಕ್ಕೆ ₹649 ಕೋಟಿ ಕಾರ್ಯಾಚರಣೆಯ ಲಾಭ ತೋರಿಸಲಾಗಿತ್ತು; ನಿಜವಾದ ಲಾಭ ₹61 ಕೋಟಿ ಎಂದು ಅದೇ ಪತ್ರ ಹೇಳುತ್ತದೆ. ಇಂತಹ ವಂಚನೆಯನ್ನು ಹೊರಗಿನವರು ಪೂರ್ತಿ ಹಿಡಿಯುವುದು ಕಷ್ಟ. ಆದರೂ ಎರಡು ಪರೀಕ್ಷೆಗಳನ್ನು ಮಾಡಬಹುದು. ಬಡ್ಡಿಯಿಂದ ಬಂದ ಆದಾಯವನ್ನು ಬ್ಯಾಂಕಿನಲ್ಲಿರುವ ಹಣದಿಂದ ಭಾಗಿಸಿ, ಅದು ಠೇವಣಿ ದರಕ್ಕೆ ಹೊಂದುತ್ತದೆಯೇ ನೋಡಿ. ಹಾಗೆಯೇ, ಅಷ್ಟೊಂದು ನಗದು ಇಟ್ಟುಕೊಂಡ ಕಂಪನಿ ಮತ್ತೆ ಮತ್ತೆ ದುಬಾರಿ ಸಾಲ ಏಕೆ ಪಡೆಯುತ್ತಿದೆ ಎಂದು ಕೇಳಿಕೊಳ್ಳಿ.

ಹಂತ 6: ಪ್ರತಿ ಷೇರಿನ ಗಳಿಕೆ

ನಿವ್ವಳ ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಪ್ರತಿ ಷೇರಿನ ಗಳಿಕೆ, ಅಂದರೆ ಇಪಿಎಸ್. ನಮ್ಮ ಕಂಪನಿಗೆ 3 ಕೋಟಿ ಷೇರುಗಳಿದ್ದರೆ ಇಪಿಎಸ್ ₹10ರಿಂದ ₹12ಕ್ಕೆ ಏರಿದೆ. ಆದರೆ ಕಂಪನಿ ಬಂಡವಾಳ ಸಂಗ್ರಹಿಸಲು ಹೊಸ ಷೇರು ಹೊರಡಿಸಿ, ಷೇರುಗಳು 3.6 ಕೋಟಿಯಾಗಿದ್ದರೆ ₹36 ಕೋಟಿ ಲಾಭಕ್ಕೂ ಇಪಿಎಸ್ ₹10ರಲ್ಲೇ ನಿಲ್ಲುತ್ತದೆ. ಕಂಪನಿ ಬೆಳೆಯಿತು, ನಿಮ್ಮ ಪಾಲು ಬೆಳೆಯಲಿಲ್ಲ. ಫಲಿತಾಂಶದಲ್ಲಿ ಮೂಲ (ಬೇಸಿಕ್) ಇಪಿಎಸ್ ಜತೆಗೆ ಡೈಲ್ಯೂಟೆಡ್ ಇಪಿಎಸ್ ಎಂಬ ಅಂಕಿಯೂ ಇರುತ್ತದೆ. ನೌಕರರ ಷೇರು ಆಯ್ಕೆ, ಪರಿವರ್ತನೀಯ ಬಾಂಡ್ ಮೊದಲಾದವು ಷೇರುಗಳಾಗಿ ಮಾರ್ಪಟ್ಟರೆ ಗಳಿಕೆ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಇವೆರಡರ ನಡುವೆ ಅಂತರ ದೊಡ್ಡದಿದ್ದರೆ ಎರಡನೆಯದನ್ನೇ ಬಳಸಿ.

ಬೋನಸ್ ಷೇರು ಅಥವಾ ಷೇರು ವಿಭಜನೆ ಆದಾಗ ಹಳೆಯ ವರ್ಷಗಳ ಇಪಿಎಸ್ ಅನ್ನೂ ಹೊಸ ಸಂಖ್ಯೆಗೆ ಹೊಂದಿಸಬೇಕು. ಕಂಪನಿ ಹೊಸ ವರದಿಯಲ್ಲಿ ಹೊಂದಿಸಿಯೇ ಕೊಡುತ್ತದೆ. ಹಳೆಯ ವರದಿಯಿಂದ ಅಂಕಿ ತೆಗೆದುಕೊಂಡವರಿಗೆ ಗಳಿಕೆ ಅರ್ಧಕ್ಕೆ ಬಿದ್ದಂತೆ ತೋರುತ್ತದೆ. ತ್ರೈಮಾಸಿಕದ ಇಪಿಎಸ್ ಅನ್ನು ನಾಲ್ಕರಿಂದ ಗುಣಿಸಿ ವರ್ಷದ ಗಳಿಕೆ ಎಂದು ಭಾವಿಸುವುದು ಇನ್ನೊಂದು ಸಾಮಾನ್ಯ ತಪ್ಪು. ನಾಲ್ಕು ತ್ರೈಮಾಸಿಕಗಳನ್ನು ನಿಜವಾಗಿ ಕೂಡಿ.

ಹಂತ 7: ಟಿಪ್ಪಣಿಗಳು ಮತ್ತು ಲೆಕ್ಕ ಪರಿಶೋಧಕರ ಮಾತು

ಲೆಕ್ಕ ಪರಿಶೋಧಕರ ವರದಿಯಲ್ಲಿ ಅಭಿಪ್ರಾಯದ ಭಾಗವನ್ನು ಮೊದಲು ಓದಿ. ಆಕ್ಷೇಪವಿಲ್ಲದ ಅಭಿಪ್ರಾಯ ಇರುವುದು ಸಹಜ ಸ್ಥಿತಿ. ‘ಕ್ವಾಲಿಫೈಡ್’ ಎಂಬ ಪದ ಕಂಡರೆ ಅದನ್ನು ಹೊಗಳಿಕೆಯೆಂದು ತಿಳಿಯಬೇಡಿ. ಲೆಕ್ಕದ ಯಾವುದೋ ಭಾಗವನ್ನು ಪರಿಶೋಧಕರು ಒಪ್ಪಿಲ್ಲ ಎಂದು ಅದರ ಅರ್ಥ. ಅವಧಿ ಮುಗಿಯುವ ಮೊದಲೇ ಪರಿಶೋಧಕರು ರಾಜೀನಾಮೆ ಕೊಟ್ಟಿದ್ದರೆ ಅದಕ್ಕೆ ಕೊಟ್ಟ ಕಾರಣವನ್ನು ಷೇರುಪೇಟೆಯ ಜಾಲತಾಣದಲ್ಲಿ ಹುಡುಕಿ ಓದಿ.

ನಂತರ ಸಂಬಂಧಿತರೊಂದಿಗಿನ ವ್ಯವಹಾರಗಳ ಟಿಪ್ಪಣಿ ನೋಡಿ. ಪ್ರವರ್ತಕರ, ಅಂದರೆ ಕಂಪನಿಯನ್ನು ಕಟ್ಟಿ ನಿಯಂತ್ರಿಸುವವರ, ಕುಟುಂಬದ ಇತರ ಸಂಸ್ಥೆಗಳಿಗೆ ಕೊಟ್ಟ ಸಾಲ, ಮಾಡಿದ ಮಾರಾಟ, ಪಡೆದ ಸೇವೆಗಳ ಮೊತ್ತ ಇಲ್ಲಿ ಇರುತ್ತದೆ. ಲಾಭದ ಬಹುಪಾಲು ಇಂತಹ ಮಾರಾಟದಿಂದಲೇ ಬರುತ್ತಿದ್ದರೆ ಆ ಲಾಭ ಗಟ್ಟಿಯಲ್ಲ. ಪ್ರವರ್ತಕರು ಷೇರುಗಳನ್ನು ಒತ್ತೆಯಿಟ್ಟಿದ್ದಾರೆಯೇ ಎಂಬುದು ಪ್ರತಿ ತ್ರೈಮಾಸಿಕದ ಷೇರು ಹಂಚಿಕೆಯ ವಿವರದಲ್ಲಿ ಸಿಗುತ್ತದೆ.

ಬ್ಯಾಂಕ್ ಷೇರು ಕೊಳ್ಳುವವರಿಗೆ ಪ್ರತ್ಯೇಕವಾಗಿ ಒಂದು ಮಾತು. ಬ್ಯಾಂಕಿಗೆ ಬಡ್ಡಿಯೇ ವ್ಯಾಪಾರವಾದ್ದರಿಂದ ಎಬಿಟ್ಡಾ ಅಲ್ಲಿ ಅರ್ಥ ಕೊಡುವುದಿಲ್ಲ. ಕಾರ್ಯಾಚರಣೆಯ ನಗದಿನ ಪರೀಕ್ಷೆಯೂ ಹೊಂದುವುದಿಲ್ಲ. ಅಲ್ಲಿ ನಿವ್ವಳ ಬಡ್ಡಿ ಆದಾಯ (ಬಂದ ಬಡ್ಡಿಯಿಂದ ಕೊಟ್ಟ ಬಡ್ಡಿಯನ್ನು ಕಳೆದ ಮೊತ್ತ), 90 ದಿನ ಮೀರಿ ಬಾಕಿ ಉಳಿದ ಸುಸ್ತಿ ಸಾಲದ ಪ್ರಮಾಣ ಮತ್ತು ಅದಕ್ಕಾಗಿ ತೆಗೆದಿರಿಸಿದ ಮೊತ್ತವನ್ನು ನೋಡಬೇಕು. ತೆಗೆದಿರಿಸುವ ಮೊತ್ತವನ್ನು ಕಡಿಮೆ ಮಾಡಿದರೆ ಆ ತ್ರೈಮಾಸಿಕದ ಲಾಭ ಏರುತ್ತದೆ ಎಂಬುದು ನೆನಪಿರಲಿ.

ಹಂತ 8: ಗಳಿಕೆಯನ್ನು ಬೆಲೆಯೊಂದಿಗೆ ತೂಗಿ

ಷೇರಿನ ಬೆಲೆಯನ್ನು ಕಳೆದ ನಾಲ್ಕು ತ್ರೈಮಾಸಿಕಗಳ ಇಪಿಎಸ್‌ನಿಂದ ಭಾಗಿಸಿದರೆ ಪಿಇ ಅನುಪಾತ ಬರುತ್ತದೆ. ಒಂದು ರೂಪಾಯಿ ವಾರ್ಷಿಕ ಗಳಿಕೆಗೆ ನೀವು ಎಷ್ಟು ರೂಪಾಯಿ ಕೊಡುತ್ತಿದ್ದೀರಿ ಎಂಬುದನ್ನು ಅದು ತಿಳಿಸುತ್ತದೆ. ನಮ್ಮ ಕಂಪನಿಯ ಷೇರು ₹240 ಇದ್ದರೆ ಪ್ರಕಟಿತ ಇಪಿಎಸ್ ₹12ರ ಮೇಲೆ ಪಿಇ 20. ಮೂಲ ವ್ಯವಹಾರದ ಲಾಭ ₹25.5 ಕೋಟಿಯನ್ನು 3 ಕೋಟಿ ಷೇರುಗಳಿಗೆ ಹಂಚಿದರೆ ಇಪಿಎಸ್ ₹8.5, ಪಿಇ 28ಕ್ಕಿಂತ ಹೆಚ್ಚು. ಅಗ್ಗವೆಂದು ಕಂಡ ಷೇರು ಅಷ್ಟು ಅಗ್ಗವಲ್ಲ ಎಂಬುದು ಮೂರನೆಯ ಹಂತದ ಶ್ರಮದಿಂದ ತಿಳಿದುಬರುತ್ತದೆ.

ಪಿಇ ಕಡಿಮೆ ಇದ್ದ ಮಾತ್ರಕ್ಕೆ ಕೊಳ್ಳುವುದು ಸಿಮೆಂಟ್, ಸಕ್ಕರೆ, ಉಕ್ಕಿನಂತಹ ಏರಿಳಿತದ ಉದ್ಯಮಗಳಲ್ಲಿ ವಿಶೇಷವಾಗಿ ಅಪಾಯ. ಸರಕಿನ ಬೆಲೆ ಉತ್ತುಂಗದಲ್ಲಿದ್ದಾಗ ಲಾಭವೂ ಉತ್ತುಂಗದಲ್ಲಿರುವುದರಿಂದ ಪಿಇ ಬಹಳ ಕಡಿಮೆ ಕಾಣುತ್ತದೆ. ಲಾಭ ಇಳಿಯಲಿದೆ ಎಂದು ಪೇಟೆ ಮೊದಲೇ ಎಣಿಸಿರುತ್ತದೆ. ಇಂತಹ ಕಂಪನಿಗಳಲ್ಲಿ ಒಳ್ಳೆಯ ಮತ್ತು ಕೆಟ್ಟ ವರ್ಷಗಳೆರಡನ್ನೂ ಒಳಗೊಂಡ ಐದರಿಂದ ಏಳು ವರ್ಷಗಳ ಸರಾಸರಿ ಗಳಿಕೆಯ ಮೇಲೆ ಬೆಲೆಯನ್ನು ತೂಗಿ. ಎಲ್ಲ ಹಂತಗಳಲ್ಲೂ ತೇರ್ಗಡೆಯಾದ ಕಂಪನಿಯ ಷೇರು ಸಹ ಫಲಿತಾಂಶದ ದಿನ ಇಳಿಯಬಹುದು. ಶೇ 30ರ ಬೆಳವಣಿಗೆಯನ್ನು ನಿರೀಕ್ಷಿಸಿ ಬೆಲೆ ಏರಿದ್ದಾಗ ಶೇ 20 ಬಂದರೆ, ಅದು ಒಳ್ಳೆಯ ಬೆಳವಣಿಗೆಯಾಗಿದ್ದರೂ ಪೇಟೆಗೆ ನಿರಾಸೆಯೇ. ಆದ್ದರಿಂದ ಫಲಿತಾಂಶದ ಹಿಂದಿನ ದಿನ ಅವಸರದಿಂದ ಕೊಳ್ಳುವ ಅಗತ್ಯವಿಲ್ಲ. ಪ್ರಕಟವಾದ ನಂತರ ಓದಿ, ಲೆಕ್ಕ ಹಾಕಿ, ಸಮಾಧಾನದಿಂದ ನಿರ್ಧರಿಸಲು ಸಮಯವಿದೆ. ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ‘ಭಾರೀ ಫಲಿತಾಂಶ ಬರಲಿದೆ’ ಎಂದು ಮುಂಚಿತವಾಗಿ ಹೇಳುವವರ ಮಾತಿಗೆ ಹಣ ಹಾಕಬೇಡಿ. ಸಲಹೆಗೆ ಶುಲ್ಕ ಕೇಳುವವರು ಸೆಬಿಯಲ್ಲಿ ನೋಂದಣಿಯಾಗಿದ್ದಾರೆಯೇ ಎಂದು ಸೆಬಿಯ ಜಾಲತಾಣದಲ್ಲಿ ಪರಿಶೀಲಿಸಿ.

ಅರ್ಥವಾಗದ ಅಂಕಿ ಎದುರಾದರೆ

ಇಷ್ಟೆಲ್ಲ ಮಾಡಿದರೂ ಕೆಲವು ಅಂಕಿಗಳ ಕಾರಣ ತಿಳಿಯದೇ ಉಳಿಯಬಹುದು. ಫಲಿತಾಂಶದ ನಂತರ ಹಲವು ಕಂಪನಿಗಳು ವಿಶ್ಲೇಷಕರೊಂದಿಗೆ ನಡೆಸುವ ದೂರವಾಣಿ ಸಭೆಯ ಬರಹರೂಪ ಷೇರುಪೇಟೆಯ ಜಾಲತಾಣದಲ್ಲಿ ಸಿಗುತ್ತದೆ. ಪ್ರಶ್ನೋತ್ತರದ ಭಾಗವನ್ನು ಮೊದಲು ಓದಿ. ಆಡಳಿತ ಮಂಡಳಿ ಯಾವ ಪ್ರಶ್ನೆಗೆ ನೇರವಾಗಿ ಉತ್ತರಿಸಿತು, ಯಾವುದನ್ನು ತಪ್ಪಿಸಿತು ಎಂಬುದು ಅಲ್ಲಿ ತಿಳಿಯುತ್ತದೆ. ವಾರ್ಷಿಕ ವರದಿಯಲ್ಲಿ ಕಂಪನಿ ಕಾರ್ಯದರ್ಶಿಯ ಇಮೇಲ್ ವಿಳಾಸ ಇರುತ್ತದೆ. ಪುಟಸಂಖ್ಯೆ, ಟಿಪ್ಪಣಿ ಸಂಖ್ಯೆಗಳನ್ನು ಸೂಚಿಸಿ ಪ್ರಶ್ನೆಯನ್ನು ಎರಡು ಮೂರು ವಾಕ್ಯಗಳಲ್ಲಿ ಬರೆದು ಕಳಿಸಿ. ಒಂದೇ ಷೇರು ಇದ್ದರೂ ವಾರ್ಷಿಕ ಮಹಾಸಭೆಗೆ ಹಾಜರಾಗುವ ಹಕ್ಕು ನಿಮಗಿದೆ. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿಗಳು ಈ ಸಭೆಯನ್ನು ಸೆಪ್ಟೆಂಬರ್ 30ರೊಳಗೆ ನಡೆಸಬೇಕು. 2020ರಿಂದ ಅನೇಕ ಕಂಪನಿಗಳು ಇದನ್ನು ವಿಡಿಯೊ ಮೂಲಕ ನಡೆಸುತ್ತಿರುವುದರಿಂದ ಮುಂಬೈಗೆ ಹೋಗದೆ ಕಲಬುರಗಿಯಿಂದಲೇ ಮಾತನಾಡಬಹುದು. ಅದಕ್ಕಾಗಿ ಸಭೆಯ ಸೂಚನಾಪತ್ರದಲ್ಲಿ ಹೇಳಿದ ದಿನಾಂಕದೊಳಗೆ ಮಾತನಾಡುವ ಷೇರುದಾರರಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಆ ದಿನಾಂಕ ಸಾಮಾನ್ಯವಾಗಿ ಸಭೆಗೆ ಕೆಲವು ದಿನ ಮೊದಲೇ ಮುಗಿಯುವುದರಿಂದ, ಸೂಚನಾಪತ್ರ ಇಮೇಲ್‌ಗೆ ಬಂದ ದಿನವೇ ತೆರೆದು ನೋಡಿ.